ಥಾಮಸ್ ಅಡಿಸನ್: ಒಂದು ಪುಟ್ಟ ಗ್ರಂಥಿ ಮತ್ತು ನನ್ನ ಎರಡು ತಪ್ಪುಗಳು

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಯಂತ್ರಣ ಮತ್ತು ಸಹಭಾಗಿತ್ವ ಎಂಬ ಪಾಠವಿದೆ. ಅದರಲ್ಲಿ ಹಾರ್ಮೋನುಗಳ ಭಾಗಕ್ಕೆ ಬಂದಾಗ ಅಡ್ರಿನಲ್ ಗ್ರಂಥಿಯ ಹೆಸರು ಬರುತ್ತದೆ. ಹೆದರಿದ ಅಳಿಲಿನ ಉದಾಹರಣೆ ಹೇಳಿ, ಹೃದಯದ ಬಡಿತ ಹೆಚ್ಚುತ್ತದೆ ಎಂದು ಬರೆಸಿ, ಮುಂದಿನ ಗ್ರಂಥಿಗೆ ಹೋಗಿಬಿಡುವುದು ಸುಲಭ. ಈ ವರ್ಷದ ಬೋಧನಾಭ್ಯಾಸದಲ್ಲಿ ಹಾಗೆ ಮಾಡಬಾರದೆಂದು ನಮ್ಮ ಗುಂಪಿನ ನಾಲ್ವರು ಮಾತಾಡಿಕೊಂಡೆವು. ನಾಲ್ವರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬೇರೆ ಬೇರೆ ಪ್ರೌಢಶಾಲೆಗಳಿಗೆ ಹಂಚಿಹೋಗಿದ್ದೆವು. ಒಂದೇ ಪಾಠಯೋಜನೆಯನ್ನು ನಾಲ್ಕೂ ಕಡೆ ಬೋಧಿಸಿ, ಪ್ರತಿ ಸಲವೂ ತಿದ್ದಿಕೊಳ್ಳುವುದೆಂದು ತೀರ್ಮಾನಿಸಿದೆವು. ಯೋಜನೆ ಬರೆಯುವ ಕೆಲಸ ನನಗೆ ಬಂತು, ಮೊದಲು ಬೋಧಿಸುವ ಸರದಿಯೂ ಹಿರಿಯೂರಿನಲ್ಲಿದ್ದ ನನ್ನದೇ ಆಯಿತು.

ಗ್ರಂಥಿಯ ಬಗ್ಗೆ ನೇರವಾಗಿ ಹೇಳುವ ಬದಲು, ಅದು ಕೆಟ್ಟರೆ ಏನಾಗುತ್ತದೆಂದು ಮೊದಲು ಗುರುತಿಸಿದ ವೈದ್ಯ ಥಾಮಸ್ ಅಡಿಸನ್ ಅವರ ಜೀವನವನ್ನು ಪೀಠಿಕೆಯಾಗಿ ಇಟ್ಟುಕೊಂಡೆ. ಆ ಜೀವನವನ್ನೂ, ಅದನ್ನು ಹೇಳುವಾಗ ನಾನು ಮಾಡಿದ ಎರಡು ತಪ್ಪುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಿಟ್ಟಿನ ಅಂಗಡಿಯಿಂದ ಆಸ್ಪತ್ರೆಗೆ

ಅಡಿಸನ್ ಹುಟ್ಟಿದ್ದು 18ನೇ ಶತಮಾನದ ಕೊನೆಯ ದಶಕದಲ್ಲಿ, ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ಪಟ್ಟಣದ ಹತ್ತಿರ. ತಂದೆ ದಿನಸಿ ಮತ್ತು ಹಿಟ್ಟಿನ ವ್ಯಾಪಾರಿ. ಮಗ ವಕೀಲನಾಗಲಿ ಎಂಬುದು ತಂದೆಯ ಆಸೆಯಾಗಿತ್ತು. ಆದರೆ ಹುಡುಗನ ಮನಸ್ಸು ವೈದ್ಯಶಾಸ್ತ್ರದ ಕಡೆಗಿತ್ತು. ಹಳ್ಳಿಯ ಶಾಲೆಯಲ್ಲಿ ಓದು ಆರಂಭಿಸಿ ಮುಂದೆ ನ್ಯೂಕ್ಯಾಸಲ್‌ನ ಗ್ರಾಮರ್ ಶಾಲೆಗೆ ಸೇರಿದ ಅವರು ಲ್ಯಾಟಿನ್ ಭಾಷೆಯನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಕಾಲೇಜಿನಲ್ಲಿ ಉಪನ್ಯಾಸ ಕೇಳುತ್ತಾ ಟಿಪ್ಪಣಿಯನ್ನು ನೇರವಾಗಿ ಲ್ಯಾಟಿನ್ನಿನಲ್ಲೇ ಬರೆದುಕೊಳ್ಳುತ್ತಿದ್ದರಂತೆ. 1812ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರಿ 1815ರಲ್ಲಿ ವೈದ್ಯ ಪದವಿ ಪಡೆದರು.

ಅಲ್ಲಿಂದ ಲಂಡನ್ನಿಗೆ ಬಂದರು. ಪದವಿ ಬಂದ ಮೇಲೂ ಕಲಿಕೆ ಮುಗಿಯಿತೆಂದು ಅವರು ಭಾವಿಸಲಿಲ್ಲ. ಆ ಕಾಲದ ಹೆಸರಾಂತ ಚರ್ಮವೈದ್ಯ ಥಾಮಸ್ ಬೇಟ್ಮನ್ ಅವರ ಬಳಿ ಚರ್ಮರೋಗಗಳನ್ನು ಕಲಿತರು. ಈ ಸಂಗತಿಯನ್ನು ಮಕ್ಕಳಿಗೆ ಬಿಡದೆ ಹೇಳಬೇಕು. ಚರ್ಮದ ಬಣ್ಣವನ್ನು ಸೂಕ್ಷ್ಮವಾಗಿ ನೋಡುವ ಈ ಅಭ್ಯಾಸವೇ ನಲವತ್ತು ವರ್ಷದ ನಂತರ ಅವರ ದೊಡ್ಡ ಶೋಧಕ್ಕೆ ದಾರಿಯಾಯಿತು.

ಮುಂದೆ ಅವರು ಲಂಡನ್ನಿನ ಗೈಸ್ ಆಸ್ಪತ್ರೆಗೆ ಸೇರಿದರು. ಸೇರಿದ್ದು ವಿದ್ಯಾರ್ಥಿಯಾಗಿ. ಕೈಯಲ್ಲಿ ಪದವಿ ಇದ್ದರೂ ಮತ್ತೆ ವಿದ್ಯಾರ್ಥಿಗಳ ಜೊತೆ ನಿಂತು ಕಲಿತರು. 1824ರಲ್ಲಿ ಸಹಾಯಕ ವೈದ್ಯರಾದರು, 1827ರಲ್ಲಿ ಔಷಧ ವಿಜ್ಞಾನದ ಉಪನ್ಯಾಸಕರಾದರು, 1837ರಲ್ಲಿ ಪೂರ್ಣ ಪ್ರಮಾಣದ ವೈದ್ಯರಾದರು. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವರು ರಿಚರ್ಡ್ ಬ್ರೈಟ್. ಮೂತ್ರಪಿಂಡದ ರೋಗಕ್ಕೆ ಬಹಳ ಕಾಲ ಬ್ರೈಟ್ ಅವರ ಹೆಸರೇ ಇತ್ತು. ಮೂತ್ರಪಿಂಡಕ್ಕೆ ಬ್ರೈಟ್, ಅದರ ತಲೆಯ ಮೇಲೆ ಕುಳಿತಿರುವ ಗ್ರಂಥಿಗೆ ಅಡಿಸನ್, ಇಬ್ಬರೂ ಒಂದೇ ಆಸ್ಪತ್ರೆಯವರು ಎಂದು ಹೇಳಿದರೆ ಮಕ್ಕಳಿಗೆ ಗ್ರಂಥಿ ಎಲ್ಲಿದೆ ಎಂಬುದು ಮರೆಯುವುದಿಲ್ಲ. ಇಬ್ಬರ ಹೆಸರಿನಲ್ಲೂ 1839ರಲ್ಲಿ ಬಂದ ವೈದ್ಯಕೀಯ ಪಠ್ಯಪುಸ್ತಕದ ಹೆಚ್ಚಿನ ಭಾಗವನ್ನು ಬರೆದವರು ಅಡಿಸನ್. ಇಂದು ನಾವು ಅಪೆಂಡಿಸೈಟಿಸ್ ಎನ್ನುವ ಕಾಯಿಲೆಯ ಸ್ಪಷ್ಟವಾದ ವಿವರಣೆ ಅದರಲ್ಲಿದೆ.

ಅಡಿಸನ್ ಒಳ್ಳೆಯ ಬೋಧಕರೆಂದು ಹೆಸರಾಗಿದ್ದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ತಲೆಯಿಂದ ಪಾದದವರೆಗೆ ಪರೀಕ್ಷಿಸಿ, ಪ್ರತಿಯೊಂದು ಲಕ್ಷಣಕ್ಕೂ ಕಾರಣ ಹುಡುಕುತ್ತಿದ್ದರು. ಕಾರಣ ಸಿಗದಿದ್ದರೆ ಸಮಾಧಾನವಾಗುತ್ತಿರಲಿಲ್ಲ. ಆದರೆ ಜನರೊಡನೆ ಬೆರೆಯುವುದು ಅವರಿಗೆ ಕಷ್ಟವಾಗಿತ್ತು. ಒಳಗೆ ಸಂಕೋಚ, ಮಾತಾಡಲು ನಿಲ್ಲುವ ಮುನ್ನ ಅಳುಕು. ಹೊರಗಿನಿಂದ ನೋಡಿದವರಿಗೆ ಮಾತ್ರ ಇದು ಗರ್ವವೆಂದೇ ಕಾಣುತ್ತಿತ್ತು.

ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು

ಮೂತ್ರಪಿಂಡಗಳ ಮೇಲೆ ಎರಡು ಚಿಕ್ಕ ಗ್ರಂಥಿಗಳಿವೆ ಎಂಬುದು 16ನೇ ಶತಮಾನದಲ್ಲೇ ಗೊತ್ತಿತ್ತು. ಇಟಲಿಯ ಯೂಸ್ಟೇಚಿ ಅವುಗಳನ್ನು ವರ್ಣಿಸಿದ್ದರು. ಆದರೆ ಅವು ಏಕಿವೆ ಎಂದು ಮುಂದಿನ ಮುನ್ನೂರು ವರ್ಷ ಯಾರಿಗೂ ತಿಳಿಯಲಿಲ್ಲ.

ಅಡಿಸನ್ ಹೊರಟಿದ್ದು ಈ ಗ್ರಂಥಿಯನ್ನು ಹುಡುಕಿಕೊಂಡಲ್ಲ. ಕಾರಣ ಗೊತ್ತಾಗದ ಒಂದು ಬಗೆಯ ರಕ್ತಹೀನತೆ ಅವರನ್ನು ಕಾಡುತ್ತಿತ್ತು. ಅಂಥ ರೋಗಿಗಳು ಸತ್ತಾಗ ಶವಪರೀಕ್ಷೆ ಮಾಡಿ ನೋಡುತ್ತಿದ್ದರು. ಹೀಗೆ ನೋಡುತ್ತಿರುವಾಗ ಕೆಲವರಲ್ಲಿ ಬೇರೆಯೇ ಒಂದು ಚಿತ್ರ ಕಂಡಿತು. ದಿನೇ ದಿನೇ ಹೆಚ್ಚುವ ನಿಶ್ಶಕ್ತಿ, ಕ್ಷೀಣವಾದ ನಾಡಿ, ಹಸಿವಿಲ್ಲದಿರುವಿಕೆ, ಹೊಟ್ಟೆ ತೊಳೆಸುವುದು, ಜೊತೆಗೆ ಚರ್ಮದ ಬಣ್ಣದಲ್ಲಿ ವಿಚಿತ್ರವಾದ ಬದಲಾವಣೆ. ಇಂಥವರ ದೇಹದಲ್ಲಿ ಉಳಿದ ಅಂಗಗಳು ಸರಿಯಾಗಿದ್ದರೂ ಆ ಎರಡು ಗ್ರಂಥಿಗಳು ಹಾಳಾಗಿರುತ್ತಿದ್ದವು. 1849ರಲ್ಲಿ ಲಂಡನ್ನಿನ ಒಂದು ವೈದ್ಯರ ಸಭೆಯಲ್ಲಿ ಈ ವಿಷಯವನ್ನು ಮೊದಲು ಮಂಡಿಸಿದಾಗ ಯಾರೂ ಹೆಚ್ಚಿನ ಗಮನ ಕೊಡಲಿಲ್ಲ.

ಅವರು ಬಿಡಲಿಲ್ಲ. ಇನ್ನೂ ಆರು ವರ್ಷ ಕಾದು, ಪ್ರಕರಣಗಳನ್ನು ಕೂಡಿಸಿ, 1855ರಲ್ಲಿ 11 ರೋಗಿಗಳ ವಿವರವಿದ್ದ ಚಿಕ್ಕ ಪುಸ್ತಕವೊಂದನ್ನು ಪ್ರಕಟಿಸಿದರು. ರೋಗಿಗಳ ಬಣ್ಣದ ಚಿತ್ರಗಳೂ ಅದರಲ್ಲಿದ್ದವು. ಹೆಚ್ಚಿನವರಲ್ಲಿ ಗ್ರಂಥಿಯನ್ನು ಹಾಳುಮಾಡಿದ್ದು ಕ್ಷಯ, ಕೆಲವರಲ್ಲಿ ಕ್ಯಾನ್ಸರ್. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಕಂಡುಹಿಡಿದದ್ದು 1882ರಲ್ಲಿ, ಅಂದರೆ ಅಡಿಸನ್ ಹೋಗಿ 22 ವರ್ಷದ ಮೇಲೆ. ಹಾರ್ಮೋನ್ ಎಂಬ ಪದವೇ ಆಗ ಹುಟ್ಟಿರಲಿಲ್ಲ. ರೋಗಾಣುವೂ ಗೊತ್ತಿಲ್ಲ, ಗ್ರಂಥಿಯ ಕೆಲಸವೂ ಗೊತ್ತಿಲ್ಲ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದರಿಂದ ಅದು ಇಂದಿಗೂ ಸರಿಯಾಗಿ ಉಳಿದಿದೆ.

ಎಡಿನ್‌ಬರೋದ ಕೆಲವು ಹಿರಿಯ ವೈದ್ಯರು ಇಂಥ ರೋಗವೇ ಇಲ್ಲವೆಂದರು. ಆದರೆ ಪ್ಯಾರಿಸ್ಸಿನ ಟ್ರೂಸೋ ಎಂಬ ವೈದ್ಯರು ಅದನ್ನು ಒಪ್ಪಿ, ಅಡಿಸನ್ ರೋಗ ಎಂದು ಹೆಸರಿಟ್ಟರು. 1856ರಲ್ಲಿ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಪ್ರಾಣಿಗಳಿಂದ ಈ ಗ್ರಂಥಿಗಳನ್ನು ತೆಗೆದರೆ ಅವು ಬದುಕುವುದಿಲ್ಲವೆಂದು ತೋರಿಸಿದರು. ಮೂಲೆಯಲ್ಲಿ ಬಿದ್ದಿದ್ದ ಗ್ರಂಥಿ ಹೀಗೆ ಜೀವಕ್ಕೆ ಬೇಕೇ ಬೇಕಾದ ಗ್ರಂಥಿಯಾಯಿತು.

ಗ್ರಂಥಿಯ ಕೆಲಸ ಮತ್ತು ನೀರುಗಂಟಿ

ಇಲ್ಲಿಗೆ ಜೀವನದ ಕಥೆಯನ್ನು ನಿಲ್ಲಿಸಿ ಚಾರ್ಟ್ ತೆರೆದೆ. ಒಂದೊಂದು ಗ್ರಂಥಿಯ ತೂಕ ಸುಮಾರು 4ರಿಂದ 5 ಗ್ರಾಂ. ಅದರಲ್ಲಿ ಎರಡು ಭಾಗ. ಒಳಗಿನ ತಿರುಳು ಮೆಡುಲ್ಲಾ. ಅಡ್ರಿನಲಿನ್ ಬರುವುದು ಇಲ್ಲಿಂದ. ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ ಕೀರ್ತಿ ಜಪಾನಿನ ಜೋಕಿಚಿ ತಕಾಮಿನೆ ಅವರಿಗೆ ಸಲ್ಲುತ್ತದೆ. 1901ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೊರಗಿನ ಪದರ ಕಾರ್ಟೆಕ್ಸ್. ಅಲ್ಲಿಂದ ಬರುವ ಆಲ್ಡೊಸ್ಟಿರಾನ್ ದೇಹದಲ್ಲಿ ಉಪ್ಪು ಮತ್ತು ನೀರನ್ನು ಉಳಿಸಿಕೊಳ್ಳುತ್ತದೆ, ಕಾರ್ಟಿಸಾಲ್ ರಕ್ತದ ಸಕ್ಕರೆ ಮತ್ತು ಒತ್ತಡವನ್ನು ಕಾಯುತ್ತದೆ. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ದೇಹ ತಡೆದುಕೊಳ್ಳಲು ಕಾರ್ಟಿಸಾಲ್ ಬೇಕು. ಅಡಿಸನ್ ರೋಗದಲ್ಲಿ ಹಾಳಾಗುವುದು ಈ ಹೊರಪದರ. ಆದ್ದರಿಂದಲೇ ರೋಗಿಗೆ ಸುಸ್ತು, ಎದ್ದು ನಿಂತರೆ ತಲೆಸುತ್ತು, ಉಪ್ಪು ತಿನ್ನಬೇಕೆಂಬ ಆಸೆ.

ಆದರೆ ಮೈ ಬಣ್ಣ ಏಕೆ ಗಾಢವಾಗುತ್ತದೆ? ಇದನ್ನು ವಿವರಿಸಲು ಊರಿನ ನೀರುಗಂಟಿಯನ್ನು ಕರೆದುಕೊಂಡೆ. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ನೀರುಗಂಟಿ ಮೋಟಾರ್ ಹಾಕುತ್ತಾನೆ, ತುಂಬಿದರೆ ನಿಲ್ಲಿಸುತ್ತಾನೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯೇ ಈ ನೀರುಗಂಟಿ. ರಕ್ತದಲ್ಲಿ ಕಾರ್ಟಿಸಾಲ್ ಇಳಿದರೆ ಎಸಿಟಿಎಚ್ ಎಂಬ ಹಾರ್ಮೋನನ್ನು ಕಳಿಸಿ ಅಡ್ರಿನಲ್ ಗ್ರಂಥಿಗೆ ಕೆಲಸ ಹೇಳುತ್ತದೆ. ಈಗ ಬೋರ್‌ವೆಲ್ ಬತ್ತಿದೆ ಎಂದುಕೊಳ್ಳಿ. ಮೋಟಾರ್ ಎಷ್ಟು ಹೊತ್ತು ಓಡಿದರೂ ಟ್ಯಾಂಕ್ ತುಂಬುವುದಿಲ್ಲ, ನೀರುಗಂಟಿ ಮೋಟಾರ್ ನಿಲ್ಲಿಸುವುದೂ ಇಲ್ಲ, ಮೋಟಾರ್ ಕಾಯುತ್ತಾ ಹೋಗುತ್ತದೆ. ಹಾಗೆಯೇ ಪಿಟ್ಯುಟರಿ ಬಿಡದೆ ಎಸಿಟಿಎಚ್ ತಯಾರಿಸುತ್ತದೆ. ಅದು ಅತಿಯಾದಾಗ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳೂ ಪ್ರಚೋದನೆಗೊಳ್ಳುತ್ತವೆ. ಬೋರ್‌ವೆಲ್ ಬತ್ತುವುದನ್ನು ನೋಡದ ಮಗು ನಮ್ಮ ಜಿಲ್ಲೆಯಲ್ಲಿ ಇಲ್ಲ. ಉದಾಹರಣೆ ತಕ್ಷಣ ಹಿಡಿಯಿತು.

ಮೊದಲನೆಯ ತಪ್ಪು

ನೀರುಗಂಟಿಯ ಉದಾಹರಣೆಗೂ ಮುಂಚೆ, ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಒಂದು ಘಟನೆ ನಡೆದಿತ್ತು. ಮೈ ಕಪ್ಪಾಗುವುದು ಎಂದು ನಾನು ಬರೆದದ್ದೇ ತಡ, ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹುಡುಗನ ಅಡ್ಡಹೆಸರು ಕೂಗಿದರು. ಇಡೀ ತರಗತಿ ತಿರುಗಿ ಅವನನ್ನು ನೋಡಿ ನಕ್ಕಿತು. ಅವನೂ ನಕ್ಕ. ಆದರೆ ಆಮೇಲೆ ತಲೆ ತಗ್ಗಿಸಿ ಪುಸ್ತಕದ ಮೂಲೆ ಮಡಿಸುತ್ತಾ ಕುಳಿತ. ಪಾಠಯೋಜನೆಯಲ್ಲಿ ಈ ವಾಕ್ಯವನ್ನು ಬರೆಯುವಾಗ ನಮ್ಮ ಮಕ್ಕಳು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆಂದು ನಾನು ಯೋಚಿಸಿರಲಿಲ್ಲ. ಇಂಗ್ಲೆಂಡಿನ ರೋಗಿಗಳನ್ನು ನೋಡಿ ಬರೆದ ಲಕ್ಷಣವನ್ನು ಹಾಗೆಯೇ ಎತ್ತಿ ಹಿರಿಯೂರಿನ ಹಲಗೆಗೆ ಹಾಕಿದ್ದೆ. ಇದು ನನ್ನದೇ ತಪ್ಪು.

ಗದರಿಸಿದರೆ ಆ ಹುಡುಗನ ಮೇಲೆ ಇನ್ನಷ್ಟು ಕಣ್ಣು ಬೀಳುತ್ತಿತ್ತು. ಹಾಗಾಗಿ ಹಲಗೆಯ ಮೇಲಿನ ವಾಕ್ಯವನ್ನು ಅಳಿಸಿದೆ. ನನ್ನ ಬಣ್ಣವೂ ಕಪ್ಪೇ. ನನ್ನ ಅಂಗೈ ತೋರಿಸಿ ಇದರ ಗೆರೆಗಳು ಯಾವ ಬಣ್ಣದಲ್ಲಿವೆ ಎಂದು ಕೇಳಿದೆ. ತಿಳಿ ಬಣ್ಣ ಎಂದರು. ಎಲ್ಲರಿಗೂ ತಮ್ಮ ತಮ್ಮ ಅಂಗೈ ನೋಡಿಕೊಳ್ಳಲು ಹೇಳಿದೆ. ಹುಟ್ಟಿನಿಂದ ಬಂದ ಬಣ್ಣ ಅಜ್ಜ ಅಜ್ಜಿಯರಿಂದ ಬಂದದ್ದು, ಬಿಸಿಲಿನಲ್ಲಿ ನಮ್ಮನ್ನು ಕಾಯುವ ಮೆಲನಿನ್ ಅದು, ಅದು ಯಾವ ರೋಗದ ಗುರುತೂ ಅಲ್ಲ ಎಂದು ವಿವರಿಸಿದೆ. ವೈದ್ಯರು ನೋಡುವುದು ಬದಲಾವಣೆಯನ್ನು. ಮೊದಲು ಇಲ್ಲದ ಕಡೆ, ಈಚೆಗೆ, ಅಂಗೈ ಗೆರೆಗಳಲ್ಲಿ, ಬೆರಳ ಗೆಣ್ಣುಗಳ ಮೇಲೆ, ಒಸಡಿನಲ್ಲಿ, ಹೊಸ ಗಾಯದ ಕಲೆಯಲ್ಲಿ ಬಣ್ಣ ಗಾಢವಾಗಿದೆಯೇ ಎಂಬುದು ಪ್ರಶ್ನೆ. ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಇದನ್ನು ನೋಡಬಹುದು. ಬಣ್ಣದ ಜೊತೆ ಸುಸ್ತು, ತೂಕ ಇಳಿಯುವುದು, ವಾಂತಿ ಇದ್ದರೆ ಮಾತ್ರ ವೈದ್ಯರು ಈ ರೋಗದ ಬಗ್ಗೆ ಯೋಚಿಸಿ ರಕ್ತಪರೀಕ್ಷೆ ಮಾಡಿಸುತ್ತಾರೆ.

ಅಡಿಸನ್ ನೋಡಿದ್ದಕ್ಕೂ ನಮ್ಮ ತರಗತಿ ಆ ಹುಡುಗನನ್ನು ತಿರುಗಿ ನೋಡಿದ್ದಕ್ಕೂ ಇರುವ ಅಂತರ ನನಗೂ ಆಗಲೇ ಸ್ಪಷ್ಟವಾದದ್ದು.

ಎರಡನೆಯ ತಪ್ಪು

ಪಾಠದ ಕೊನೆಗೆ ಅಡಿಸನ್ 1860ರ ಜೂನ್ 29ರಂದು ಬ್ರೈಟನ್ ಎಂಬ ಊರಿನಲ್ಲಿ ಅನಾರೋಗ್ಯದಿಂದ ತೀರಿಕೊಂಡರು ಎಂದು ಹೇಳಿ ಮುಗಿಸಿದೆ. ಗಂಟೆ ಹೊಡೆಯಿತು. ಒಬ್ಬ ಹುಡುಗಿ ಶಿಕ್ಷಕರ ಕೊಠಡಿಯವರೆಗೂ ಬಂದು ಅವರಿಗೆ ಯಾವ ಕಾಯಿಲೆ ಇತ್ತೆಂದು ಕೇಳಿದಳು. ಯಾರಿಗೂ ಗೊತ್ತಾಗದ ರೋಗವನ್ನು ಕಂಡುಹಿಡಿದವರ ಕಾಯಿಲೆಯನ್ನು ಯಾರೂ ಕಂಡುಹಿಡಿಯಲಿಲ್ಲವೇ ಎಂಬುದು ಅವಳ ಪ್ರಶ್ನೆ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ.

ನಿಜಾಂಶ ನನಗೆ ಗೊತ್ತಿತ್ತು. ಅಡಿಸನ್ ಅವರನ್ನು ಖಿನ್ನತೆ ಬಹಳ ಕಾಲದಿಂದ ಕಾಡುತ್ತಿತ್ತು. 1847ರಲ್ಲಿ ಅವರು ಮಕ್ಕಳಿದ್ದ ಒಬ್ಬ ವಿಧವೆಯನ್ನು ಮದುವೆಯಾದರು, ಸ್ವಂತ ಮಕ್ಕಳಿರಲಿಲ್ಲ. 1860ರ ಆರಂಭದಲ್ಲಿ ಕಾಯಿಲೆ ಹೆಚ್ಚಿ ಆಸ್ಪತ್ರೆಯ ಕೆಲಸ ಬಿಟ್ಟರು. ಬಿಡುವಾಗ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಆರೋಗ್ಯ ಬಹಳ ಕುಸಿದದ್ದರಿಂದ ವೃತ್ತಿಯಿಂದ ದೂರ ಸರಿಯಬೇಕಾಗಿದೆ ಎಂದು ತಿಳಿಸಿದರು. ಕೆಲವೇ ತಿಂಗಳಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಅವರ ಮನೆತನದ ಊರಾದ ಲ್ಯಾನರ್‌ಕಾಸ್ಟ್‌ನಲ್ಲಿ ಸಮಾಧಿ ಮಾಡಲಾಯಿತು.

ಇದನ್ನು ಹದಿನೈದು ವರ್ಷದ ಮಕ್ಕಳಿಗೆ ಹೇಳಬೇಕೇ? ಆ ಸಂಜೆ ಇಬ್ಬರು ಹಿರಿಯರನ್ನು ಕೇಳಿದೆ. ಒಬ್ಬರು ಪರೀಕ್ಷೆಗೆ ಬೇಡದ ವಿಷಯ, ಎತ್ತುವುದೇ ಬೇಡ ಎಂದರು. ಇನ್ನೊಬ್ಬರು, ಮಗು ಕೇಳಿದ ಮೇಲೆ ಸುಳ್ಳು ಹೇಳುವುದು ಸರಿಯಲ್ಲ, ಹೇಗೆ ಎಂಬುದನ್ನು ವಿವರಿಸದೆ ಏಕೆ ಎಂಬುದನ್ನು ಹೇಳಿ, ಸಹಾಯ ಎಲ್ಲಿ ಸಿಗುತ್ತದೆಂದು ಸೇರಿಸಿ ಎಂದರು. ಎರಡನೆಯ ಮಾತು ನನಗೆ ಸರಿ ಅನ್ನಿಸಿತು.

ಮರುದಿನ ಹತ್ತು ನಿಮಿಷ ತೆಗೆದುಕೊಂಡು ಹೇಳಿದೆ. ಖಿನ್ನತೆಯೂ ದೇಹದ ಕಾಯಿಲೆಯ ಹಾಗೆಯೇ ಒಂದು ಕಾಯಿಲೆ. ಅಡಿಸನ್ ಅವರ ಕಾಲದಲ್ಲಿ ಅದಕ್ಕೆ ಒಳ್ಳೆಯ ಔಷಧವಿರಲಿಲ್ಲ, ಈಗ ಇದೆ. ಅವರು ಸುಮ್ಮನಿರುವುದನ್ನು ನೋಡಿ ಜನ ಗರ್ವ ಎಂದುಕೊಂಡರು, ಒಳಗೆ ಏನಿದೆ ಎಂದು ಹೆಚ್ಚಿನವರಿಗೆ ತಿಳಿಯಲಿಲ್ಲ. ನಮ್ಮಲ್ಲಿ ಯಾರಿಗಾದರೂ ಅಷ್ಟು ಬೇಸರವಾದರೆ ಮನೆಯವರಿಗೋ ಶಿಕ್ಷಕರಿಗೋ ಹೇಳಬೇಕು. ಯಾರಿಗೂ ಹೇಳಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದೆ. ಯಾರೂ ಏನೂ ಕೇಳಲಿಲ್ಲ. ಆದರೆ ಬರೆದುಕೊಳ್ಳಿ ಎಂದು ನಾನು ಹೇಳದಿದ್ದರೂ ಕೆಲವರು ಬರೆದುಕೊಂಡರು.

ಉಳಿದ ಮೂರು ತರಗತಿಗಳು

ತಿದ್ದಿದ ಯೋಜನೆ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗಗಳಿಗೆ ಹೋಯಿತು. ಹೊಳಲ್ಕೆರೆಯಲ್ಲಿ ಗೆಳತಿ ಅಳಿಲನ್ನು ಬಿಟ್ಟು, ತೋಟಕ್ಕೆ ಹೋದಾಗ ಕರಡಿ ಎದುರಾದರೆ ಮೈಯಲ್ಲಿ ಏನೇನಾಗುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿದಳು. ಎದೆ ಡವಗುಟ್ಟುವುದು, ಉಸಿರು ಜೋರಾಗುವುದು, ಬಾಯಿ ಒಣಗುವುದು, ಎಲ್ಲವೂ ಅವರ ಬಾಯಿಂದಲೇ ಬಂತು. ಇದೇ ಅಡ್ರಿನಲಿನ್ ಕಾರಣವಿಲ್ಲದೆ ಆಗಾಗ ಉಕ್ಕಿದರೆ ಎಂದು ಕೇಳಿ, ಫಿಯೋಕ್ರೋಮೋಸೈಟೋಮಾ ಎಂಬ ಅಪರೂಪದ ಗಡ್ಡೆಯ ವಿಷಯಕ್ಕೆ ಬಂದಳು. ಅದಿದ್ದವರಿಗೆ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ, ರಕ್ತದ ಒತ್ತಡದ ಏರಿಕೆ ಕಾಣಿಸಿಕೊಳ್ಳುತ್ತವೆ.

ಹೊಸದುರ್ಗದಲ್ಲಿ ಪ್ರಶ್ನೆ ಬೇರೆ ಕಡೆಗೆ ತಿರುಗಿತು. ಕಾರ್ಟಿಸಾಲ್ ಹೆಚ್ಚಾದರೆ ಏನಾಗುತ್ತದೆ ಎಂದು ಒಬ್ಬ ಕೇಳಿದ. ಅದು ಕುಶಿಂಗ್ ರೋಗಲಕ್ಷಣ. ಮುಖ ದುಂಡಗಾಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಕೈಕಾಲು ಸಣ್ಣಗಾಗುತ್ತವೆ, ಸಕ್ಕರೆ ಮತ್ತು ಒತ್ತಡ ಏರುತ್ತವೆ. ಸ್ಟೀರಾಯ್ಡ್ ಔಷಧವನ್ನು ಬಹಳ ಕಾಲ ತೆಗೆದುಕೊಳ್ಳುವುದು ಇದಕ್ಕೆ ದೊಡ್ಡ ಕಾರಣ. ಮಂಡಿನೋವಿಗೆಂದು ಹೆಸರಿಲ್ಲದ ಮಾತ್ರೆ, ಪುಡಿ ತರುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿದೆ. ಅವುಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ಹೊರಗಿನಿಂದಲೇ ಟ್ಯಾಂಕರ್ ನೀರು ಬರುತ್ತಿದ್ದರೆ ನೀರುಗಂಟಿ ಮೋಟಾರ್ ಹಾಕುವುದನ್ನೇ ಬಿಡುತ್ತಾನೆ. ಆಗ ಒಂದು ದಿನ ಟ್ಯಾಂಕರ್ ನಿಂತರೆ ಊರಿಗೆ ನೀರಿಲ್ಲ. ಹಾಗೆಯೇ ಇಂಥ ಔಷಧವನ್ನು ದಿಢೀರನೆ ನಿಲ್ಲಿಸಿದರೆ ಗ್ರಂಥಿ ಎಚ್ಚರಗೊಳ್ಳುವಷ್ಟರಲ್ಲಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಕಡಿಮೆ ಮಾಡುತ್ತಾ ಬಿಡಬೇಕು. ಈ ಮಾತನ್ನು ಮನೆಯಲ್ಲಿ ಹೇಳುವುದೇ ಅಂದಿನ ಗೃಹಪಾಠವಾಯಿತು.

ಚಿತ್ರದುರ್ಗದ ತರಗತಿ ಕೇಳಿದ್ದು ಅಡಿಸನ್ ರೋಗಕ್ಕೆ ಈಗ ಮದ್ದಿದೆಯೇ ಎಂದು. ಇದೆ. ಕಾರ್ಟಿಸೋನ್ ಮತ್ತಿತರ ಹಾರ್ಮೋನುಗಳ ಸಂಶೋಧನೆಗೆ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂದು ಕೊರತೆಯಾದ ಹಾರ್ಮೋನನ್ನು ಮಾತ್ರೆಯಾಗಿ ದಿನವೂ ತೆಗೆದುಕೊಂಡು, ಜ್ವರ ಬಂದಾಗ ವೈದ್ಯರ ಸಲಹೆಯಂತೆ ಹೆಚ್ಚಿಸಿಕೊಂಡು ಎಲ್ಲರಂತೆ ಬದುಕಬಹುದು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ ಅವರಿಗೂ ಈ ರೋಗವಿತ್ತು.

ನಾಲ್ಕು ತರಗತಿಗಳ ನಂತರ ನಮ್ಮ ಯೋಜನೆಯಲ್ಲಿ ಆದ ಬದಲಾವಣೆ ಹೀಗಿದೆ. ಮೆಲನಿನ್ ಮತ್ತು ಹುಟ್ಟುಬಣ್ಣದ ಮಾತು ರೋಗಲಕ್ಷಣಕ್ಕಿಂತ ಮೊದಲು ಬರುತ್ತದೆ. ಮೈ ಕಪ್ಪಾಗುವುದು ಎಂಬುದರ ಜಾಗದಲ್ಲಿ, ಇದ್ದ ಬಣ್ಣ ಬದಲಾಗುವುದು ಎಂದಿದೆ. ಅಡಿಸನ್ ಅವರ ಸಾವಿಗೆ ಹತ್ತು ನಿಮಿಷ ಮೀಸಲಿದೆ. ಪಾಠಕ್ಕೆ ಒಂದು ಅವಧಿ ಸಾಲದು, ಎರಡು ಬೇಕು.

ಹಿರಿಯೂರಿನಲ್ಲಿ ನನ್ನ ಕೊನೆಯ ದಿನ ಮೌಲ್ಯಮಾಪನಕ್ಕಾಗಿ ಗ್ರಂಥಿಯ ಚಿತ್ರ ಬರೆಯಲು ಯಾರು ಬರುತ್ತೀರಿ ಎಂದು ಕೇಳಿದಾಗ ಎದ್ದು ಬಂದವನು ಆ ಹುಡುಗನೇ. ಎರಡು ಮೂತ್ರಪಿಂಡ ಬರೆದು, ಬಲಗಡೆಯದರ ಮೇಲೆ ತ್ರಿಕೋನದ ಟೋಪಿ, ಎಡಗಡೆಯದರ ಮೇಲೆ ಅರ್ಧಚಂದ್ರದ ಟೋಪಿ ಇಟ್ಟ. ಎರಡರ ಆಕಾರ ಬೇರೆ ಎಂದು ನಾನು ಪಾಠದಲ್ಲಿ ಹೇಳಿರಲಿಲ್ಲ. ಚಾರ್ಟನ್ನು ಅವನೇ ಗಮನಿಸಿ ನೋಡಿದ್ದ.